ಫಿನ್‌ಲ್ಯಾಂಡಿನ ಸೋದರಮಾವ

ಮಗಳ ನಿಶ್ಚಯಕ್ಕೆ ಇನ್ನೂರು ಜನರನ್ನು ಕರೆದ ಕಾಶಪ್ಪ ಒಬ್ಬನನ್ನು ಮಾತ್ರ ಕರೆದಿರಲಿಲ್ಲ. ಆ ಒಬ್ಬ ಫಿನ್‌ಲ್ಯಾಂಡಿನಲ್ಲಿದ್ದ. ನಾಳೆ ಮುಲುಂಡಿನ ಮದುವೆ ಹಾಲ್‌ನಲ್ಲಿ ಹತ್ತೂವರೆಗೆ ನಡೆಯುವ ಕಾರ್ಯಕ್ಕೆ ಅಷ್ಟು ದೂರದವನು ಹೇಗೂ ಬರುವುದಿಲ್ಲ, ಕರೆದರೂ ಒಂದೇ, ಬಿಟ್ಟರೂ ಒಂದೇ ಎಂದು ಅವನು ಲೆಕ್ಕ ಹಾಕಿದ್ದ. ಹೆಣ್ಣು ಹೆತ್ತವರು ಇಂಥ ಲೆಕ್ಕವನ್ನು ಗಂಡಿನ ತಾಯಿಯನ್ನು ಕೇಳದೆ ಹಾಕಬಾರದು.

ಶನಿವಾರ ಬೆಳಿಗ್ಗೆ ಏಳಕ್ಕೆ ಪರೇಲಿನಿಂದ ಹುಡುಗನ ತಾಯಿ ರಾಚವ್ವ ಫೋನು ಮಾಡಿದಳು.

"ಬೀಗರ, ನಮ್ಮ ತಮ್ಮಗ ಕರಿ ಹೇಳೀರೇನು?"

"ಯಾವ ತಮ್ಮಗ್ರಿ, ಅಕ್ಕಾರ?"

"ನನಗೇನು ಹತ್ತು ಮಂದಿ ತಮ್ಮಂದಿರು ಅದಾರೇನ್ರಿ? ಒಬ್ಬಾಂವ. ಯಲ್ಲಾಲಿಂಗ. ಫಿನ್‌ಲ್ಯಾಂಡ್‌ನಾಗ ಹಡಗ ಕಟ್ಟಾಂವ. ಚೀಟಿ ಮ್ಯಾಲೆ ನಂಬರ್ ಬರದು ನಿಮ್ಮ ಕೈಯಾಗ ಕೊಟ್ಟಿದ್ನಿ."

"ಇವತ್ತ ವಾಟ್ಸಾಪ್‌ನಾಗ ಕಾರ್ಡ್ ಹಾಕಬೇಕಂತಿದ್ನಿ..."

"ವಾಟ್ಸಾಪ್‌ನಾಗ ಹಾಕಾಕ ಅದೇನು ಗುಡ್ ಮಾರ್ನಿಂಗ್ ಹೂವೇನ್ರಿ?" ರಾಚವ್ವನ ದನಿ ಏರಿತು. "ನಮ್ಮ ಮನೆತನದಾಗ ಮದಲನೇ ವೀಳ್ಯೆ ಸೋದರಮಾವನ ಕೈಗೆ. ಅಂವ ಬರಾಕ ಆಗದಿದ್ರ, ಹುಡುಗಿ ಅಪ್ಪ ಸ್ವತಃ ಬಾಯಿಲೆ ಕೇಳಬೇಕು, ಅಂವ ಸ್ವತಃ ಬಾಯಿಲೆ ಹೂಂ ಅನ್ನಬೇಕು. ಆಮ್ಯಾಲೆ ಉಳದದ್ದು. ಸಂಜಿ ಐದಕ್ಕ ಕೇಳತೀನಿ. ಅಂವ ಹೂಂ ಅಂದಿದ್ರ ನಾಳೆ ಗಾಡಿ ಹತ್ತತೀವಿ."

"ಅನ್ನದಿದ್ರ್ರಿ?" ಎಂದು ಕಾಶಪ್ಪ ಕೇಳುವಷ್ಟರಲ್ಲಿ ಫೋನು ಕಟ್ಟಾಗಿತ್ತು.

ಮಗಳು ಸ್ನೇಹಲ್ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಪರೇಲಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಅವಳ ಕೆಲಸ, ಅದೇ ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿ ರಾಚವ್ವನ ಮಗ ಸಂತುವಿನದು. ಎರಡು ವರ್ಷ ಇಬ್ಬರೂ ಎರಡೂ ಮನೆಯವರ ಹಿಂದೆ ಬಿದ್ದು ಈ ದಿನದವರೆಗೆ ತಂದಿದ್ದರು. ನಾಳೆ ರಜೆ ತೆಗೆದುಕೊಂಡಿದ್ದರಿಂದ ಇವತ್ತು ಇಬ್ಬರಿಗೂ ಡ್ಯೂಟಿ ತಪ್ಪುವಂತಿರಲಿಲ್ಲ.

"ಪಪ್ಪಾ, ಪ್ಲೀಸ್ ಹಾಂ. ಸಂತೂ ಕೀ ಮಮ್ಮಿ ಅಂದ್ರ ಗೊತ್ತಲ್ಲ, ಒಮ್ಮೆ ಬೇಡ ಅಂದ್ರ ಬೇಡಾನೇ. ಫೋನ್ ಲಗಾ ದೋ ನಾ," ಎಂದಳು. ಹೇಳುವಾಗ ಅವಳ ಮುಖ ಚಿಕ್ಕದಾಗಿತ್ತು.

"ನೀ ನಿಶ್ಚಿಂತಿ ಹೋಗವ್ವ. ಫೋನ್ ಅಂದ್ರ ಏನು ಮಹಾ," ಎಂದು ಕಾಶಪ್ಪ ಅವಳನ್ನು ಲೋಕಲ್ ರೈಲಿಗೆ ಕಳಿಸಿದ.

ಔಷಧ ಕಂಪನಿಯೊಂದರ ಗೋದಾಮಿನಲ್ಲಿ ಇಪ್ಪತ್ತೆಂಟು ವರ್ಷ ಪೆಟ್ಟಿಗೆ ಎಣಿಸಿದ ಕಾಶಪ್ಪನಿಗೆ ಅತಿ ದೂರದ ಫೋನು ಎಂದರೆ ವಿಜಯಪುರಕ್ಕೆ ಮಾಡಿದ್ದು. ಚೀಟಿ ತೆಗೆದು ನೋಡಿದ. ರಾಚವ್ವನ ಗುಂಡು ಅಕ್ಷರದಲ್ಲಿ ಹತ್ತು ಅಂಕಿಗಳಿದ್ದವು. ಮೊದಲ ಮೂರು ಅಂಕಿ: ಸೊನ್ನೆ, ನಾಲ್ಕು, ಸೊನ್ನೆ. ಇದ್ದದ್ದನ್ನು ಇದ್ದ ಹಾಗೆ ಒತ್ತಿದ. ಈ ನಂಬರು ಅಸ್ತಿತ್ವದಲ್ಲಿಲ್ಲ ಎಂದು ಫೋನು ಮರಾಠಿಯಲ್ಲಿ, ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಹೇಳಿತು. ಮತ್ತೆ ಒತ್ತಿದ. ಮೂರೂ ಭಾಷೆಗಳು ತಮ್ಮ ಮಾತಿಗೆ ಬದ್ಧವಾಗಿದ್ದವು.

"ದೂಜಣ್ಣಗ ಕೇಳ್ರಿ," ಎಂದಳು ಹೆಂಡತಿ ಅಂಬವ್ವ, ಹೋಳಿಗೆಗೆ ಬೇಳೆ ಆರಿಸುತ್ತ.

ಕೇಳುವ ಅಗತ್ಯವಿರಲಿಲ್ಲ. ಮೂರನೇ ಮಹಡಿಯ ದೂಜ ಪೂಜಾರಿ ಆಗಲೇ ಮೆಟ್ಟಿಲಿಳಿದು ಬಾಗಿಲಲ್ಲಿ ನಿಂತಿದ್ದ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತನಾದ ಮನುಷ್ಯ. ಬಿಲ್ಡಿಂಗಿನಲ್ಲಿ ಯಾರ ಫೋನಿಗೆ ಏನಾದರೂ ಅವನಿಗೆ ತನ್ನ ಮೈಗೇ ಜ್ವರ ಬಂದಂತೆ ಗೊತ್ತಾಗುತ್ತಿತ್ತು.

"ಎಂತ ಮಾರಾಯ್ರೆ, ನಂಬರ್ ಹತ್ತುವುದಿಲ್ವಾ? ಕೊಡಿ ಇಲ್ಲಿ." ಚೀಟಿಯನ್ನು ಬೆಳಕಿಗೆ ಹಿಡಿದ. "ಸೊನ್ನೆ ನಾಲ್ಕು ಸೊನ್ನೆ. ಇದು ಫಿನ್‌ಲ್ಯಾಂಡ್ ಅಲ್ಲ ಕಾಶಪ್ಪನವರೇ. ಇದು ಹೈದರಾಬಾದಿನ ಕೋಡು. ಕಣ್ಣು ಮುಚ್ಚಿ ಹೇಳ್ತೇನೆ ನಾನು."

"ಹೈದರಾಬಾದ್? ಅಂವ ಫಿನ್‌ಲ್ಯಾಂಡ್‌ನಾಗ ಅದಾನ್ರಿ."

"ಮನುಷ್ಯ ಎಲ್ಲಿ ಬೇಕಾದ್ರೂ ಇರಲಿ. ಕೋಡು ಹೈದರಾಬಾದಿದ್ದು. ಈಗ ಫಾರ್ವರ್ಡಿಂಗ್ ಅಂತ ಎಲ್ಲ ಉಂಟಲ್ಲ." ದೂಜ ಉಳಿದ ಅಂಕಿಗಳನ್ನು ಬೆರಳಿಟ್ಟು ಎಣಿಸಿದ. "ನೋಡಿ, ಕೋಡು ಬಿಟ್ಟರೆ ಏಳೇ ಉಂಟು. ಎಂಟು ಬೇಕು. ನಮ್ಮ ಬಾಂಬೆಯ ನಂಬರಿಗೆಲ್ಲ ಹಿಂದೆ ಒಂದು ದಿನ ಮುಂದುಗಡೆ ಎರಡು ಸೇರಿಸಲಿಲ್ವಾ? ಆ ದಿನ ಡ್ಯೂಟಿಯಲ್ಲಿ ಇದ್ದದ್ದು ಯಾರು? ನಾನು. ನಿಮ್ಮ ಬೀಗತಿ ಹಳೇ ನಂಬರ್ ಬರೆದಿದ್ದಾರೆ. ಕೋಡು ಆದ ಮೇಲೆ ಎರಡು ಅಂತ ಒಂದು ಅಂಕಿ ಹಾಕಿ."

ಇಷ್ಟು ಖಚಿತವಾಗಿ ಹೇಳುವವನ ಮುಂದೆ ಸಂಶಯಪಡುವುದು ಕಾಶಪ್ಪನ ಸ್ವಭಾವವಲ್ಲ. ಎರಡು ಹಾಕಿದ. ಫೋನು ನಿಜಕ್ಕೂ ಹತ್ತಿತು. ಅಂಬವ್ವ ಬೇಳೆಯ ಮೊರವನ್ನು ಕೆಳಗಿಟ್ಟು ಕೈ ಒರೆಸಿಕೊಂಡು ಹತ್ತಿರ ಬಂದಳು.

"ಹಲೋ, ಕೌನ್?" ವಯಸ್ಸಾದ ಗಂಡಸಿನ ದನಿ.

ಕಾಶಪ್ಪ ಎದ್ದು ನಿಂತ. "ನಮಸ್ಕಾರ್ರಿ ಮಾವನವರ. ನಾ ಹುಡುಗಿ ಅಪ್ಪ ಕಾಶಪ್ಪ. ನಾಳೆ ಮಕ್ಕಳದು ನಿಶ್ಚಯ ಐತ್ರಿ. ತಾವು ಹೂಂ ಅಂದು ಆಶೀರ್ವಾದ ಮಾಡಬೇಕು."

"ಕ್ಯಾ ಬೋಲ್ ರಹೇ ಮಿಯಾ?"

ಇಷ್ಟು ವರ್ಷ ಹೊರಗಿದ್ದು ಪಾಪ ಕನ್ನಡ ಮರೆತಿದೆ ಎಂದುಕೊಂಡ ಕಾಶಪ್ಪ ಹಿಂದಿಗೆ ಹೊರಳಿದ. "ಕಲ್ ಬೇಟೀಕಾ ಸಗಾಯಿ ಹೈ ಜೀ. ಆಪ್‌ಕೋ ಬುಲಾನೇಕಾ ಥಾ."

"ಅರೇ, ಮುಬಾರಕ್ ಮುಬಾರಕ್! ಆತೇ ಜೀ, ಕೈಕೂ ನಹೀ ಆತೇ. ಖಾನೇಮೇ ಕ್ಯಾ ರಖೇ?"

"ಹೋಳಿಗೆ ಹೈ ಜೀ. ಪೂರಣ್ ಪೋಳಿ."

"ಅಲ್ಲಿ ಥಂಡಿ ಎಷ್ಟೈತಿ ಕೇಳ್ರಿ," ಎಂದು ಅಂಬವ್ವ ಪಿಸುಗುಟ್ಟಿದಳು. ಫೆಬ್ರವರಿಯಲ್ಲಿ ಫಿನ್‌ಲ್ಯಾಂಡ್ ಹೇಗಿರುತ್ತದೆಂಬ ಕುತೂಹಲ ಅವಳಿಗೆ ಬೆಳಗಿನಿಂದ ಇತ್ತು.

"ಉಧರ್ ಥಂಡಿ ಕೈಸಾ ಹೈ ಜೀ?"

"ಥಂಡಿ ಕಾಂಕೀ ಮಿಯಾ! ಪಂಖಾ ಡಾಲ್ಕೋ ಬೈಠಾ ಹೂಂ."

ಫೆಬ್ರವರಿಯ ಫಿನ್‌ಲ್ಯಾಂಡಿನಲ್ಲಿ ಫ್ಯಾನೇ? ಕಾಶಪ್ಪ ಫೋನಿಗೆ ಕೈ ಅಡ್ಡವಿಟ್ಟು ದೂಜನನ್ನು ನೋಡಿದ. ದೂಜ ಸೂರು ನೋಡಿದ. ಇನ್ನೆರಡು ಪ್ರಶ್ನೆ ಕೇಳುವಷ್ಟರಲ್ಲಿ, ಮಾತಾಡುತ್ತಿರುವುದು ಹೈದರಾಬಾದಿನ ಮಲಕ್‌ಪೇಟೆಯ ಯಾವನೋ ಸಾಹೇಬ, ಅವನಿಗೂ ಫಿನ್‌ಲ್ಯಾಂಡಿಗೂ ಜನ್ಮದಲ್ಲಿ ಸಂಬಂಧವಿಲ್ಲ ಎಂಬುದು ತಿಳಿದುಬಂತು. ಕಾಶಪ್ಪ ತಪ್ಪಾಯಿತೆಂದು ಹತ್ತು ಸಲ ಹೇಳಿದ. ಊಟಕ್ಕೆ ದಾವತ್ ಕೊಟ್ಟಮೇಲೆ ವಾಪಸ್ ತೆಗೆದುಕೊಳ್ಳುವುದು ಹೇಗೆ ಎಂದು ಸಾಹೇಬ ನಗುತ್ತ ಕೇಳಿದ. ಹುಡುಗಿಗೆ ದುವಾ ಹೇಳಿ ಫೋನಿಟ್ಟ.

"ಫಾರ್ವರ್ಡಿಂಗ್ ಕಟ್ಟಾಗಿರಬೇಕು," ಎಂದ ದೂಜ.

ಅಷ್ಟರಲ್ಲಿ ಎದುರು ಮನೆಯ ಗಂಗುಬಾಯಿ ಒಳಗೆ ಬಂದಿದ್ದಳು. ಬೆಳಗಾವಿಯವಳು. ಕನ್ನಡ ಮರಾಠಿ ಎರಡನ್ನೂ ಒಂದೇ ಉಸಿರಿನಲ್ಲಿ ಆಡುವವಳು. ಬೇರೆಯವರ ಮನೆಯ ಸುದ್ದಿ ತನ್ನನ್ನು ಬಿಟ್ಟು ಹೋಗುವುದು ಅವಳಿಗೆ ಸಹಿಸದು.

"ಭಾವೋಜಿ, ಫಿನ್‌ಲ್ಯಾಂಡ್ ಅಂದ್ರ ಎಲ್ಲಿ ಬರ್ತದ? ಅಮೇರಿಕಾದ ಬಾಜೂ ಏನು?"

ಯಾರಿಗೂ ಗೊತ್ತಿರಲಿಲ್ಲ. ಗಂಗುಬಾಯಿ ಹೋಗಿ ಮೊಮ್ಮಗಳ ಶಾಲೆಯ ಅಟ್ಲಾಸ್ ತಂದಳು. ನಾಲ್ವರೂ ಅದರ ಮೇಲೆ ಬಗ್ಗಿದರು. ಕಾಶಪ್ಪನಿಗೆ, ಕೆಲಸ ತುರ್ತಿನದಾದರೂ, ಇದು ಖುಷಿಯೆನಿಸಿತು. ಭೂಪಟದ ತುದಿಯಲ್ಲಿ, ರಷ್ಯಾದ ಪಕ್ಕಕ್ಕೆ, ತಿಳಿ ಹಸಿರಿನ ಒಂದು ದೇಶವಿತ್ತು. ತುಂಬ ನೀಲಿ ಚುಕ್ಕೆಗಳು.

"ಇವೆಲ್ಲ ಕೆರಿ ಏನ್ರಿ? ಇಷ್ಟು ಕೆರಿ ಇದ್ದ ಊರಾಗ ಮಂದಿ ಎಲ್ಲಿ ನಿಂದರತಾರ?" ಎಂದು ಅಂಬವ್ವ ಕೇಳಿದಳು.

"ಅಲ್ಲಿ ಆರು ತಿಂಗಳು ರಾತ್ರಿ ಅಂತ. ಮೊಮ್ಮಗಳು ಹೇಳ್ತಿದ್ಲು," ಎಂದಳು ಗಂಗುಬಾಯಿ. "ಅಗ ಬಾಯೀ, ಹಾಲು ಹಾಕಾಂವ ಯಾವಾಗ ಬರ್ತಾನೋ!"

ಕಾಶಪ್ಪ ಆ ಹಸಿರನ್ನೇ ನೋಡುತ್ತಿದ್ದ. ಮುಂಬೈಯ ಹಡಗುಕಟ್ಟೆಯಲ್ಲಿ ವೆಲ್ಡರ್ ಆಗಿದ್ದ ಒಬ್ಬ ಮನುಷ್ಯ ಅಲ್ಲಿಗೆ ಹೇಗೆ ಹೋದ? ಅಲ್ಲಿ ಬೆಳಿಗ್ಗೆ ಎದ್ದು ಏನು ತಿನ್ನುತ್ತಾನೆ? ಮದುವೆ ಮಾತುಕತೆಯ ಮೂರು ತಿಂಗಳಲ್ಲಿ, ಚೀಟಿ ಕೊಡುವಾಗ ಇಷ್ಟು ಹೇಳಿದ್ದು ಬಿಟ್ಟರೆ, ರಾಚವ್ವ ಅವನ ಸುದ್ದಿ ಎತ್ತಿರಲಿಲ್ಲ. ಇವತ್ತು ಎತ್ತಿದಳು, ಎತ್ತಿದ್ದು ಹೀಗೆ. ಅದೇಕೆ ಎಂದು ಅವನಿಗೆ ಅರ್ಥವಾಗಲಿಲ್ಲ.

ಹನ್ನೊಂದಕ್ಕೆ ಮೆರವಣಿಗೆ ಗೇಟಿನ ಬಳಿಯ ಪ್ರೀತಮ್‌ನ ಮೊಬೈಲ್ ಅಂಗಡಿಗೆ ಹೊರಟಿತು. ಅಂಬವ್ವ ಬೇಳೆ ಬೇಯಲು ಇಟ್ಟಿದ್ದರಿಂದ ಬರಲಿಲ್ಲ. ದೂಜ ಮಾತ್ರ, ಮೂವತ್ತನಾಲ್ಕು ವರ್ಷ ಎಕ್ಸ್‌ಚೇಂಜಿನಲ್ಲಿದ್ದವನು ರೀಚಾರ್ಜಿನ ಹುಡುಗನನ್ನು ಕೇಳುವುದೇ ಎಂದು ದಾರಿಯುದ್ದಕ್ಕೂ ಗೊಣಗಿದ.

ಪ್ರೀತಮ್‌ಗೆ ಕಟ್ಟೆಯ ಮೇಲೆ ಎಂಟು ಜನ ಗಿರಾಕಿಗಳಿದ್ದರು. ಕಾಶಪ್ಪನ ಫೋನು ತೆಗೆದುಕೊಂಡು, ಹೊರದೇಶಕ್ಕೆ ಮಾತಾಡುವ ಪ್ಯಾಕ್ ಹಾಕಿ, ತಲೆ ಎತ್ತದೆ ಹೇಳಿದ: "ಅಂಕಲ್, ಫಿನ್‌ಲ್ಯಾಂಡ್ ಮತ್ಲಬ್ ಪ್ಲಸ್ ತ್ರೀ ಫೈವ್ ಏಯ್ಟ್. ಅದು ಹಾಕಿ, ಮತ್ತೆ ನಿಮ್ಮ ನಂಬರ್ ಹಾಕಿ. ಬಸ್."

ಕಾಶಪ್ಪ ಹಾಗೆಯೇ ಮಾಡಿದ. ಮೂರು ಐದು ಎಂಟು, ಆಮೇಲೆ ಚೀಟಿಯಲ್ಲಿದ್ದ ಹತ್ತೂ ಅಂಕಿ, ಒಂದನ್ನೂ ಬಿಡದೆ. ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದ. ಆಮೇಲೆ ಒಬ್ಬ ಹೆಂಗಸು ಮಾತಾಡಿದಳು. ಯಾರೂ ಕೇಳಿರದ ಭಾಷೆ. ದನಿ ತಣ್ಣಗೆ, ನಯವಾಗಿ, ಒಂದೇ ಮಟ್ಟದಲ್ಲಿತ್ತು.

"ಅವನ ಹೇಣತಿ! ಬಿಳಿ ಮೇಮ್ ಇರಬೇಕು," ಎಂದಳು ಗಂಗುಬಾಯಿ, ಕಣ್ಣರಳಿಸಿ.

ಕಾಶಪ್ಪ ತಡವರಿಸಿ ಕೈ ಮುಗಿದ. "ನಮಸ್ಕಾರ್ರಿ ಅಕ್ಕಾರ. ನಾ ಇಂಡಿಯಾದಿಂದ. ಮನ್ಯಾಗ ಸಾಹೇಬರು ಅದಾರೇನ್ರಿ? ಹಸ್ಬಂಡ್? ಯಲ್ಲಾಲಿಂಗ?" ಹೆಂಗಸು ತನ್ನ ಮಾತು ಮುಗಿಸಿದಳು. ಫೋನು ಕಟ್ಟಾಯಿತು.

ಎರಡನೇ ಸಲ ಮಾಡಿದ. ಅವಳೇ ಎತ್ತಿದಳು, ಅದನ್ನೇ ಹೇಳಿದಳು, ಅಲ್ಲಿಗೇ ನಿಲ್ಲಿಸಿದಳು. ಮೂರನೇ ಸಲ ಗಂಗುಬಾಯಿ ಫೋನು ಕಿತ್ತುಕೊಂಡು, "ವಹಿನಿ, ಅಹೋ ಐಕಾ ತರೀ, ಒಂದ್ ಮಿನಿಟ್ ಅವರಿಗೆ ಕೊಡ್ರಿ," ಎಂದು ಗೋಗರೆದಳು. ಅತ್ತಿಗೆಯೆಂದು ಕರೆದರೂ ವಹಿನಿ ಕರಗಲಿಲ್ಲ.

"ಎಂಥಾ ಗಟ್ಟಿ ಹೆಣ್ಣಮಗಳು ನೋಡ್ರಿ," ಎಂದಳು ಗಂಗುಬಾಯಿ ಮೆಚ್ಚುಗೆಯಿಂದ. "ಮೂರು ಸಲಕ್ಕೂ ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿ ಇಲ್ಲ. ಸಿಟ್ಟೂ ಮಾಡ್ಲಿಲ್ಲ."

ದೂಜ ಗಂಟಲು ಸರಿಮಾಡಿಕೊಂಡ. "ಅದು ಹೆಂಡತಿ ಅಲ್ಲ ಗಂಗಕ್ಕ. ಅದು ರೆಕಾರ್ಡಿಂಗ್. ಅಲ್ಲಿಯ ಎಕ್ಸ್‌ಚೇಂಜಿನವರು ಹಾಕಿ ಇಟ್ಟದ್ದು. ನಂಬರ್ ತಪ್ಪು ಅಂತ ಹೇಳುವುದು ಅದು."

ಕೈ ಮುಗಿದು ನಿಂತಿದ್ದ ಕಾಶಪ್ಪ ಕೈ ಇಳಿಸಿದ. ಕಟ್ಟೆಯ ಮೇಲಿನ ಎಂಟೂ ಜನ ಅವನನ್ನೇ ನೋಡುತ್ತಿದ್ದರು. ಚೀಟಿಯನ್ನು ತಿರುಗಿಸಿ, ಮಗುಚಿ, ಹಿಂದುಮುಂದಾಗಿ ನೋಡಿದ್ದಾಯಿತು. ಏಳು ಒಂದಿರಬಹುದೇ, ಒಂಬತ್ತು ನಾಲ್ಕಿರಬಹುದೇ ಎಂದು ಗಿರಾಕಿಗಳೂ ಸೇರಿ ಹದಿನಾಲ್ಕು ಬಗೆಯಲ್ಲಿ ಒತ್ತಿದರು. ಪ್ರತಿ ಸಲವೂ ಅದೇ ಹೆಂಗಸು. ಕೊನೆಕೊನೆಗೆ ಅಂಗಡಿಯಲ್ಲಿ ಕೆಲವರು ಅವಳ ಜೊತೆಗೇ ಆ ಮಾತನ್ನು ಹೇಳಲು ಕಲಿತುಬಿಟ್ಟರು. ಕಾಶಪ್ಪನ ಫೋನಿನ ಬ್ಯಾಟರಿ ಕೆಂಪಾಯಿತು.

ಮೂರೂವರೆಗೆ ಅವನು ಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದ. ಮನೆ ತುಂಬ ಹೂರಣದ ವಾಸನೆ. ರಾಚವ್ವನಿಗೇ ಫೋನು ಮಾಡಿ ನಂಬರು ಸರಿಯೇ ಎಂದು ಕೇಳಿದ್ದಕ್ಕೆ, "ನಾನು ಬರದದ್ದು ತಪ್ಪೇನ್ರಿ?" ಎಂಬ ಉತ್ತರ ಬಂದಿತ್ತು. ಸ್ನೇಹಲ್ ಎರಡು ಸಲ ಮೆಸೇಜು ಮಾಡಿ "ಲಗಾ ಕ್ಯಾ?" ಎಂದು ಕೇಳಿದ್ದಳು. ಎರಡಕ್ಕೂ ಅವನು ಉತ್ತರ ಕೊಟ್ಟಿರಲಿಲ್ಲ. ಮಗಳಿಗೆ ಸುಳ್ಳು ಹೇಳಲು ಬಾರದು, ನಿಜ ಹೇಳಲು ಧೈರ್ಯವಿಲ್ಲ. ನಾಳೆ ಬೀಗರು ಬರದಿದ್ದರೆ ಅಷ್ಟು ಜನರ ಎದುರು ಆ ಹುಡುಗಿ ಹೇಗೆ ನಿಲ್ಲಬೇಕು ಎಂದು ನೆನೆದು ಅವನ ಕಣ್ಣು ತುಂಬಿತು.

"ಹಾಲ್‌ನವರಿಗೆ ನಾಳೆ ಬ್ಯಾಡ ಅಂತ ಮದಲ ಹೇಳಿಬಿಡೂಣೇನ?" ಎಂದ, ಅಂಬವ್ವನ ಮುಖ ನೋಡದೆ. "ಅಡಿಗಿ ಹಚ್ಚೂಕಿಂತ ಮದಲ."

ಅಂಬವ್ವ ಹಾಲ್‌ನವರ ರಸೀದಿ ತಂದು ಅವನ ಮುಂದಿಟ್ಟಳು. ಅವರು ಕೊಟ್ಟ ಬಟ್ಟೆಯ ಚೀಲವನ್ನೂ ತಂದು ಇಟ್ಟಳು. ಯಾವುದರಲ್ಲಿ ನಂಬರಿದೆಯೋ ಅವಳಿಗೆ ತಿಳಿಯದು.

ಎರಡರಲ್ಲೂ ಇತ್ತು. ರಸೀದಿಯಲ್ಲಿ ಸೊನ್ನೆ ಎರಡು ಎರಡು, ಆಮೇಲೆ ನಂಬರು. ಹೊಸದಾಗಿ ಮುದ್ರಿಸಿದ ಚೀಲದ ಮೇಲೆ ಪ್ಲಸ್ ಒಂಬತ್ತು ಒಂದು, ಎರಡು ಎರಡು, ಆಮೇಲೆ ಅದೇ ನಂಬರು. ಕಾಶಪ್ಪ ಒತ್ತಲು ಹೋದವನು ಬೆರಳು ತಡೆದ. ಇಪ್ಪತ್ತೆಂಟು ವರ್ಷ ಪೆಟ್ಟಿಗೆಯ ಮೇಲಿನ ನಂಬರಿಗೂ ಕಾಗದದ ಮೇಲಿನ ನಂಬರಿಗೂ ತಾಳೆ ನೋಡಿದವನಿಗೆ ಒಂದು ಕಡಿಮೆಯಾದರೆ ತಕ್ಷಣ ಕಣ್ಣಿಗೆ ಬೀಳುತ್ತದೆ.

"ದೂಜಣ್ಣಾರ," ಎಂದು ಕೂಗಿದ. ದೂಜ ಹೋಳಿಗೆಯ ರುಚಿ ನೋಡುತ್ತ ಅಡುಗೆಮನೆಯಲ್ಲೇ ಇದ್ದ. "ಇಲ್ಲಿ ಸೊನ್ನಿ ಐತಿ. ಇಲ್ಲಿ ಪ್ಲಸ್ ಹಾಕಿದ ಕೂಡಲೆ ಸೊನ್ನಿ ಹೋಗೇತಿ. ಯಾಕ್ರಿ?"

"ಅದು ಹಾಗೇ ಮಾರಾಯ್ರೆ. ಸೊನ್ನೆ ದೇಶದ ಒಳಗೆ ಮಾತ್ರ. ಹೊರಗಿಂದ ಮಾಡುವವರಿಗೆ ಸೊನ್ನೆ ಬೇಡ. ಮೊದಲನೇ ದಿನ ಟ್ರೈನಿಂಗಿನಲ್ಲೇ..." ದೂಜನ ಬಾಯಲ್ಲಿ ಹೋಳಿಗೆ ನಿಂತಿತು. "ಅದು ನಮ್ಮ ದೇಶದ ಕತೆ ಆಯ್ತು. ಅವರಿಗೂ ಹಾಗೇ ಅಂತ ನನಗೆ ಯಾರು ಹೇಳಿದ್ದಾರೆ?"

ಕಾಶಪ್ಪ ಅವನ ಮಾತು ಮುಗಿಯುವವರೆಗೆ ಕಾಯಲಿಲ್ಲ. ಚಾರ್ಜರ್ ಸಿಕ್ಕಿಸಿದ ಫೋನನ್ನು ಗೋಡೆಯ ಹತ್ತಿರವೇ ಕೂತು ಒತ್ತಿದ. ಮೂರು ಐದು ಎಂಟು. ಸೊನ್ನೆ ಬಿಟ್ಟ. ನಾಲ್ಕು, ಸೊನ್ನೆ, ಉಳಿದ ಏಳು.

ಉದ್ದನೆಯ ಒಂದೊಂದೇ ಗಂಟೆ ಬಾರಿಸಿತು. ಯಾರೋ ಎತ್ತಿದರು. ಹಿಂದೆಲ್ಲೋ ಕಬ್ಬಿಣ ಬಡಿಯುವ ಸದ್ದು.

"ಯಲ್ಲಾಲಿಂಗ," ಎಂದಿತು ಒಂದು ಗಂಡು ದನಿ. ಹೆಸರು ಹೇಳಿ ಸುಮ್ಮನಾಯಿತು.

ಕಾಶಪ್ಪ ನೆಟ್ಟಗೆ ಕೂತ. "ನಮಸ್ಕಾರ್ರಿ. ನಾ ಮುಂಬೈದಿಂದ ಮಾತಾಡಾಕ ಹತ್ತೀನಿ. ನಿಮ್ಮ ಅಕ್ಕ ರಾಚವ್ವಾರ ಮಗ ಸಂತೂಗ ನನ್ನ ಮಗಳನ್ನ ಕೊಡೂದೈತ್ರಿ. ನಾಳೆ ನಿಶ್ಚಯ. ಮದಲನೇ ವೀಳ್ಯೆ ನಿಮ್ಮದು. ನೀವು ಹೂಂ ಅನ್ನಬೇಕ್ರಿ."

ಆ ಕಡೆ ಮೌನ. ಎಷ್ಟು ಹೊತ್ತು ಎಂದರೆ, ಇದೂ ರೆಕಾರ್ಡಿಂಗ್ ಇರಬಹುದೇ ಎಂದು ಅವನಿಗೆ ಹೆದರಿಕೆಯಾಯಿತು.

"ನಂಬರ್ ಯಾರು ಕೊಟ್ರು?"

"ನಿಮ್ಮ ಅಕ್ಕಾರ. ಅವರ ಕೈಲೆ ಬರದು ಕೊಟ್ಟಾರ್ರಿ."

"ಅಕಿ ನನ್ನ ನಂಬರ್ ಇಟಗೊಂಡಿದ್ಲೇನು?" ದನಿ ಕಬ್ಬಿಣದ ಸದ್ದಿನಿಂದ ದೂರ ಸರಿಯಿತು. "ಎಂಟು ವರ್ಷ ಆತ್ರಿ ಅಕಿ ನನ್ನ ಜೋಡಿ ಮಾತಾಡಿ. ನಾಗರ ಪಂಚಮಿಗೆ ತವರಿಗೆ ಕರಿಯಾಕ ಬರಲಿಲ್ಲಂತ ಸಿಟ್ಟಾಗ್ಯಾಳ ಅಂತ ತಿಳಕೊಂಡಿದ್ನಿ. ಪರೇಲ್ ಚಾಳಿನ ಫೋನ್ ನಂಬರ್ ಒಂದ ನನ್ನ ಹತ್ರ ಇತ್ತು. ಚಾಳ ಕೆಡವಿದ್ರಂತ, ಅದೂ ಹೋತು. ಸಂತೂ ಅಷ್ಟು ದೊಡ್ಡವ ಆದನೇನು?"

ಗಂಗುಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳು ಯಾವಾಗ ಬಂದಳೋ ಯಾರೂ ನೋಡಿರಲಿಲ್ಲ.

"ಹೂಂ," ಎಂದ ಯಲ್ಲಾಲಿಂಗ. "ನೂರು ಸಲ ಹೂಂ ಅಂತ ಹೇಳ್ರಿ ನಮ್ಮ ಅಕ್ಕಗ."

ಕಾಶಪ್ಪ ಫೋನಿಟ್ಟು ಅಂಬವ್ವನನ್ನು ನೋಡಿ ನಕ್ಕ. ಅಂಬವ್ವ ಅತ್ತಳು. ದೂಜ ಎಲ್ಲರಿಗೂ ಕೇಳುವಂತೆ, ಸೊನ್ನೆಯ ವಿಷಯ ಹೇಳಿಕೊಟ್ಟದ್ದು ತಾನೇ ಎಂದು ಮೆಟ್ಟಿಲಲ್ಲಿ ಘೋಷಿಸಿದ. ಸ್ನೇಹಲ್‌ಗೆ ಮೆಸೇಜು ಹೋಯಿತು. ಅವಳು ಹನ್ನೆರಡು ಹೃದಯಗಳನ್ನು ಕಳಿಸಿದಳು.

ಸರಿಯಾಗಿ ಐದಕ್ಕೆ ರಾಚವ್ವನ ಫೋನು ಬಂತು. ಕಾಶಪ್ಪ ಮೊದಲ ಗಂಟೆಗೇ ಎತ್ತಿದ.

"ಹೂಂ ಅಂದ್ರು, ಅಕ್ಕಾರ! ನೂರು ಸಲ ಹೂಂ ಅಂದಾರ."

"ಯಾರು?"

"ಯಲ್ಲಾಲಿಂಗಣ್ಣಾರ."

ರಾಚವ್ವ ಬೆಳಗಿನ ದನಿಯ ಅರ್ಧಕ್ಕಿಂತ ಕಡಿಮೆ ದನಿಯಲ್ಲಿ ಕೇಳಿದಳು: "ಆ ಹೆಂಗಸು ಫೋನ್ ಕೊಟ್ಟಳೇನ್ರಿ ನಿಮಗ?"

"ಯಾವ ಹೆಂಗಸ್ರಿ?"

"ಅವನ ಹೇಣತಿ. ವರ್ಷಾ ಪಂಚಮಿಗೆ ನಾ ಅವಗ ಫೋನ್ ಹಚ್ಚತೀನಿ, ಮನ್ಯಾಗ ಯಾರಿಗೂ ಹೇಳಿಲ್ಲ. ಪ್ರತಿ ವರ್ಷಾ ಆಕೀನ ಎತ್ತತಾಳ. ತನ್ನ ಭಾಷಾದಾಗ ಎರಡ ಮಾತು ಅಂದು ಕಟ್ ಮಾಡತಾಳ. ಎಂಟು ವರ್ಷ! ತಮ್ಮ ಹೇಣತಿ ಮಾತು ಕೇಳಿ ಅಕ್ಕನ್ನ ಬಿಟ್ಟ ಅಂತ ನಾನೂ ಬಿಟ್ಟೆ."

ಕಾಶಪ್ಪ ಸೊನ್ನೆಯ ಕತೆಯನ್ನು ಆದಷ್ಟು ಮೆತ್ತಗೆ ಹೇಳಿದ. ಯಲ್ಲಾಲಿಂಗನಿಗೆ ಹೆಂಡತಿ ಇದ್ದಾಳೋ ಇಲ್ಲವೋ ತನಗೆ ಗೊತ್ತಿಲ್ಲ, ಆದರೆ ಅವಳು ಹೆಂಡತಿಯಲ್ಲ, ಎಕ್ಸ್‌ಚೇಂಜಿನವಳು ಎಂದ. ಪರೇಲಿನಲ್ಲಿ ರಾಚವ್ವ ಜೋರಾಗಿ ಅಳತೊಡಗಿದಳು. ಕಾಶಪ್ಪನಿಗೂ ಅಳು ಬಂತು. ಇಂಥ ಒಳ್ಳೆಯ ಸಂಬಂಧ ಸಿಕ್ಕಿತಲ್ಲ ಎಂದು ಅವನ ಮನಸ್ಸು ತುಂಬಿತು.

"ಹಂಗಾದ್ರ ನಾಳೆ ಹತ್ತೂವರಿಗೆ, ಅಕ್ಕಾರ..."

"ನಾಳೆ ಹೆಂಗಾಗತೈತ್ರಿ, ಬೀಗರ?" ರಾಚವ್ವ ಮೂಗು ಸೀನಿದಳು. ದನಿ ಮತ್ತೆ ಗಟ್ಟಿಯಾಗಿತ್ತು. "ತಮ್ಮ ನನ್ನವನ ಅದಾನ ಅಂತ ಗೊತ್ತಾದ ಮ್ಯಾಲೆ ಅವನ್ನ ಬಿಟ್ಟು ವೀಳ್ಯೆ ಯಾರ ಕೈಯಾಗ ಇಡಲಿ? ಅಂವ ಬರಬೇಕು. ಅಂವ ಬಂದ ಮ್ಯಾಲೆನ ನಿಶ್ಚಯ."

ಕಾಶಪ್ಪ ಗೋಡೆ ಹಿಡಿದುಕೊಂಡ. "ಅವರು ಹೂಂ ಅಂದಾರಲ್ರಿ! ನೀವ ಹೇಳಿದ್ರಿ, ಹೂಂ ಅಂದ್ರ ಗಾಡಿ ಹತ್ತತೀವಿ ಅಂತ!"

"ಅಂವ ಹೂಂ ಅನ್ನಂಗಿಲ್ಲ ಅಂತ ತಿಳದು ಹಂಗ ಹೇಳಿದ್ನಿ. ನಿಮಗೂ ಆಕಿ ಫೋನ್ ಕೊಡಂಗಿಲ್ಲ, ಸಂಜಿಗೆ ನೀವು ಫೋನ್ ಹತ್ತಲಿಲ್ಲ ಅಂತೀರಿ, ನಾ ಇರಲಿ ಬಿಡ್ರಿ ಅಂತೀನಿ, ನನ್ನ ಮಾನಾನೂ ಉಳೀತೈತಿ ಅಂತ ಮಾಡಿದ್ನಿ. ಸೀರಿಗೆ ಇಸ್ತ್ರಿ ಸೈತ ಮಾಡಿಸಿಟ್ಟೀನಿ. ನೀವು ಫೋನ್ ಹತ್ತಲಿಲ್ಲ ಅಂದಿದ್ರ ಸಾಕಿತ್ತಲ್ರಿ!"

ಬೀಗತಿಯ ಎದುರು ಮಾತಾಡುವುದನ್ನು ಕಾಶಪ್ಪ ಕಲಿತಿರಲಿಲ್ಲ. ಯಾವಾಗ ಬರುತ್ತಾನೆಂದು ಈಗಲೇ ಕೇಳಿ ಹೇಳಿ ಎಂದು ರಾಚವ್ವ ಅಪ್ಪಣೆ ಮಾಡಿದಳು. ನೀವೇ ಮಾತಾಡಿ ಎಂದರೆ, ಎಂಟು ವರ್ಷದ ಮೇಲೆ ಏನಂತ ಮಾತಾಡಲಿ, ಅಳು ಬರುತ್ತದೆ, ಮೊದಲು ನೀವು ದಾರಿ ಮಾಡಿ ಎಂದಳು.

ಕಾಶಪ್ಪ ಮತ್ತೆ ಫಿನ್‌ಲ್ಯಾಂಡಿಗೆ ಫೋನು ಮಾಡಿದ. ಈಗ ಅವನಿಗೆ ನಂಬರು ಬಾಯಿಪಾಠವಾಗಿತ್ತು.

"ಬರತೀನ್ರಿ! ಬರದ ಬಿಡತೀನೇನು!" ಎಂದ ಯಲ್ಲಾಲಿಂಗ. "ಆದ್ರ ಈಗ ಹಡಗಿನ ಕೆಲಸ ನಡದೈತಿ, ಶನಿವಾರ ಸೈತ ಡ್ಯೂಟಿ. ಇಲ್ಲಿ ಎಲ್ಲಾರಿಗೂ ಸೂಟಿ ಜುಲೈದಾಗ. ಜುಲೈ ಅಂದ್ರ ಇಡೀ ದೇಶನ ಬಂದ್ ಮಾಡಿ ಕೆರಿ ದಂಡಿಗೆ ಹೋಗಿಬಿಡತಾರ."

ಅದನ್ನು ಪರೇಲಿಗೆ ಮುಟ್ಟಿಸಿದಾಗ ರಾಚವ್ವ ಕ್ಯಾಲೆಂಡರು ನೋಡಿ ಹೌಹಾರಿದಳು. ಜುಲೈ ಎಂದರೆ ಆಷಾಢ. ಆಷಾಢದಲ್ಲಿ ನಿಶ್ಚಯವೇ? ಮತ್ತೆ ಫಿನ್‌ಲ್ಯಾಂಡು. ಅದು ತಪ್ಪಿದರೆ ಕ್ರಿಸ್‌ಮಸ್ಸಿಗೆ ಸಿಗುತ್ತದೆ ಎಂದ ಯಲ್ಲಾಲಿಂಗ. ಮತ್ತೆ ಪರೇಲು. ಕ್ರಿಸ್‌ಮಸ್ ಎಂದರೆ ಧನುರ್ಮಾಸ, ಅದೂ ನಡೆಯದು. ಇಬ್ಬರೂ ಒಬ್ಬರನ್ನೊಬ್ಬರು ಎಷ್ಟು ಪ್ರೀತಿಸುತ್ತಾರೆಂದು ಕಾಶಪ್ಪನ ಮೂಲಕ ತಿಳಿಸುತ್ತಿದ್ದರು. ಏಪ್ರಿಲ್ಲಿನಲ್ಲಿ ಒಳ್ಳೆಯ ಮುಹೂರ್ತವಿದೆ, ಆಗ ರಜೆ ಕೊಡಲು ಅವನ ಸಾಹೇಬರಿಗೆ ಹೇಳಿ ಎಂದಳು ರಾಚವ್ವ.

"ನಾ ಹೆಂಗ ಕೇಳಲ್ರಿ?" ಎಂದ ಯಲ್ಲಾಲಿಂಗ ಐದನೇ ಫೋನಿನಲ್ಲಿ. "ಎಂಟು ವರ್ಷದಾಗ ಸಾಹೇಬರ ಜೋಡಿ ವೆಲ್ಡಿಂಗ್ ಬಿಟ್ಟು ಬ್ಯಾರೆ ಮಾತ ಆಡಿಲ್ಲ. ಇಲ್ಲಿ ಮಂದಿ ಮನಿ ಮಾತು ಕೆಲಸದಾಗ ತರಂಗಿಲ್ಲ. ಲಗ್ನದ ಮಾತು ಹುಡುಗಿ ಅಪ್ಪನ ಬಾಯಿಲೆ ಬಂದ್ರ ಬ್ಯಾರೆ. ಇಲ್ಲೇ ಬಾಜೂ ಅದಾರ, ಫೋನ್ ಕೊಡತೀನಿ. ನೀವ ಕೇಳ್ರಿ."

"ಅಯ್ಯೋ, ಬ್ಯಾಡ್ರಿ, ತಡೀರಿ..."

ಅಷ್ಟರಲ್ಲಿ ಬಾಗಿಲು ತೆರೆದು ಸ್ನೇಹಲ್ ಪೇಡೆಯ ಡಬ್ಬಿ ಹಿಡಿದುಕೊಂಡು ಓಡಿಬಂದಳು. ಅವಳ ಮುಖ ಹೊಳೆಯುತ್ತಿತ್ತು. "ಪಪ್ಪಾ, ಯೂ ಆರ್ ಗ್ರೇಟ್! ಮಾಮಾ ಹೂಂ ಅಂದ್ರಲ್ಲ! ಕಲ್ ಕಾ ಪಕ್ಕಾ ನಾ?" ಎಂದು ಅಪ್ಪನ ಬಾಯಿಗೆ ಒಂದು ಪೇಡೆ ತುರುಕಿದಳು. ಅಂಬವ್ವ ಅವಳ ಕೈ ಹಿಡಿದು ಮೆಲ್ಲಗೆ ಅಡುಗೆಮನೆಗೆ ಎಳೆದುಕೊಂಡು ಹೋದಳು.

ಫೋನಿನಲ್ಲಿ ಒಂದು ಭಾರದ ದನಿ ತನ್ನ ಹೆಸರನ್ನಷ್ಟೇ ಹೇಳಿ ಸುಮ್ಮನಾಯಿತು. ಕಾಯುವುದೊಂದೇ ಕೆಲಸ ಎಂಬಂತೆ ಕಾಯತೊಡಗಿತು. ದೂಜ ಧೈರ್ಯ ಹೇಳುವಂತೆ ತಲೆಯಾಡಿಸಿದ. ಗಂಗುಬಾಯಿ ಉಸಿರು ಬಿಗಿ ಹಿಡಿದಳು. ಕಾಶಪ್ಪ ಪೇಡೆ ನುಂಗಿ, ಗೋಡೆಗೆ ಅಂಟಿ ನಿಂತು, ಕಣ್ಣು ಮುಚ್ಚಿದ.

"ಸರ್, ನಮಸ್ಕಾರ," ಎಂದು ಶುರುಮಾಡಿದ. "ಜುಲೈ ಈಸ್ ಆಷಾಢ."